407ಕ್ಕೆ ಒಂದು ಮೇಣದ ಬತ್ತಿ

ಗೋವಾದ ಫೋಂಡಾ ಊರಿನ ನಮ್ಮ ಓಣಿಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಯಾರೂ ಯಾರ ಬಾಗಿಲನ್ನೂ ಬಡಿಯುವುದಿಲ್ಲ. ಮೀನು-ಅನ್ನ ಉಂಡವರು ಅಂಗಡಿ ಶಟರ್ ಎಳೆದು ಮಲಗಿರುತ್ತಾರೆ. ಎಲ್ಲೂ ಬರೆದಿಡದ ಈ ಕಾನೂನನ್ನು ಮೂರು ಗಂಟೆಗೆ ಸರಿಯಾಗಿ ಮುರಿಯುತ್ತಿದ್ದದ್ದು ನನ್ನ ಹೆಂಡತಿಯ ತಮ್ಮನ ಟಾಟಾ 407 ಟ್ರಕ್ಕು.

ಅವನು ರಾತ್ರಿ ಬೆಳಗಾವಿಯಲ್ಲಿ ಕೋಸು, ಬೀನ್ಸ್, ಹಸಿಮೆಣಸಿನಕಾಯಿ ತುಂಬಿಕೊಂಡು ಅನಮೋಡ ಘಾಟ್ ಇಳಿದು, ನಸುಕಿನಲ್ಲಿ ಇಲ್ಲಿ ಮಾಲು ಇಳಿಸಿ, ಗಾಡಿ ನಮ್ಮ ಮನೆ ಮುಂದೆ ನಿಲ್ಲಿಸಿ ಮಲಗುತ್ತಾನೆ. 407 ಮಾರುಕಟ್ಟೆಗೆ ಬಂದದ್ದು 1986ರಲ್ಲಿ. ಇವನದು ಅಷ್ಟು ಹಳೆಯದಲ್ಲ, ಆದರೆ ಕಂಡವರಾರೂ ಈ ಮಾತು ಒಪ್ಪುವುದಿಲ್ಲ. ಅವನು ಎದ್ದು ಸೆಲ್ಫ್ ಹೊಡೆದ ಕೂಡಲೇ ಟಕ್‌ಟಕ್‌ಟಕ್ ಶುರು. ಓಣಿಯ ನಿದ್ದೆ ಪೂರಾ ಎದ್ದು ಲುಂಗಿ ಸರಿಪಡಿಸಿಕೊಳ್ಳುತ್ತ ನಮ್ಮ ಗೇಟಿಗೆ ಬರುತ್ತಿತ್ತು.

ಬೈಯುವುದಕ್ಕಲ್ಲ. ಬೈದಿದ್ದರೆ ಎಷ್ಟೋ ವಾಸಿ. ಬಂದವರೆಲ್ಲ ರೋಗ ಹೇಳುವವರೇ. ಪಿಗ್ಮಿ ಸಂಗ್ರಹಿಸುವವನ ಪ್ರಕಾರ ಟ್ಯಾಪೆಟ್. ಹಿಟ್ಟಿನ ಗಿರಣಿಯವನ ಪ್ರಕಾರ ಬೆಲ್ಟು. ಗಿರಣಿಯಲ್ಲಿ ಏನೇ ಆದರೂ ಬೆಲ್ಟೇ ಅಂತೆ. ಇವರೆಲ್ಲರಿಗಿಂತ ದೊಡ್ಡವರು ಪಕ್ಕದ ಮನೆಯ ಹಿರಿಯರು. ಮಾಂಡವಿ ನದಿಯಲ್ಲಿ ಅದಿರು ಸಾಗಿಸುವ ಬಾರ್ಜ್ ದೋಣಿಯ ಎಂಜಿನ್ ನೋಡಿಕೊಂಡಿದ್ದವರು, 2012ರಲ್ಲಿ ಗಣಿ ನಿಂತಾಗಿನಿಂದ ಮನೆಯಲ್ಲಿದ್ದಾರೆ, ಕೈ ಕಡಿಯುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಇಟ್ಟು, ಕಣ್ಣು ಮುಚ್ಚಿ, "ನೋಝಲ್" ಎಂದು ತೀರ್ಪು ಕೊಟ್ಟರು. ಡೀಸೆಲ್ ಚಿಮ್ಮಿಸುವ ಎರಡು ನೋಝಲ್ ಬದಲಾದವು. ಸದ್ದಿಗೆ ಅದರಿಂದ ಬೇಸರವೇನೂ ಆಗಲಿಲ್ಲ.

ಗ್ಯಾರೇಜಿಗೆ ಒಯ್ದರೆ ಇನ್ನೊಂದು ಕಥೆ. ತಿಸ್ಕ್ ಉಸಗಾಂವ ಮುಟ್ಟುವಷ್ಟರಲ್ಲಿ ಗಾಡಿ ಮಾತು ನಿಲ್ಲಿಸಿರುತ್ತಿತ್ತು. ಮೇಸ್ತ್ರಿ ವಿಜಯಪುರದ ಕಡೆಯವನು, ಬಾನೆಟ್ ಎತ್ತಿ ಕೇಳಿ, ನಮ್ಮಿಬ್ಬರ ಮುಖ ನೋಡಿ, "ಗಾಡಿ ಬರೋಬರಿ ಐತಲ್ರಿ. ನಿಮಗೇನಾಗೇತಿ?" ಎಂದು ಕೇಳಿದ. ಮೂರನೇ ಸಲ ಅವನೇ ಬೇಸತ್ತು, "ರಾತ್ರಿ ಇಲ್ಲೇ ಬಿಟ್ಟ ಹೋಗ್ರಿ, ತಣ್ಣಗಾದ ಮ್ಯಾಲೆ ಕೇಳೂಣು" ಎಂದ.

ಬೆಳಿಗ್ಗೆ ಹೋದಾಗ ಒಬ್ಬ ಹುಡುಗ ಸೈಲೆನ್ಸರಿನ ಬಾಯಿಗೆ ಗೋಣಿಚೀಲ ಒತ್ತಿ ನಿಂತಿದ್ದ. ಹೊರದಾರಿ ಕಟ್ಟಿದ ಹೊಗೆ ಕಳ್ಳದಾರಿಯಲ್ಲಿ ಹೊರಬಿತ್ತು: ಎಂಜಿನ್ನಿನ ಹೊಗೆಯನ್ನು ಒಟ್ಟುಮಾಡಿ ಸೈಲೆನ್ಸರಿಗೆ ಕಳಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹಿಂಬದಿ, ಕೊನೆಯ ಸಿಲಿಂಡರಿನ ಹತ್ತಿರ. ಅಲ್ಲಿ ಹೆಡ್ಡಿನ ಮೇಲೆ ಬೀಸಣಿಗೆ ಬಿಡಿಸಿಟ್ಟ ಹಾಗೆ ಕಪ್ಪು ಮಸಿ. ಮ್ಯಾನಿಫೋಲ್ಡು ಬೀಡು ಕಬ್ಬಿಣ. ತಣ್ಣಗಿದ್ದಾಗ ಸಂದಿನಿಂದ ಗ್ಯಾಸು ಟಕ್ ಟಕ್ ಎಂದು ಹೊರಗೆ. ಕಾದ ಮೇಲೆ ಹಿಗ್ಗಿ ಸಂದು ಮುಚ್ಚಿತೆಂದರೆ ಗಾಡಿಯಂಥ ಸಾಧು ಇನ್ನೊಂದಿಲ್ಲ. ಹೊರಟ ಹೊಸದರಲ್ಲಿ ತಲೆನೋವು ಬರುತ್ತದೆ ಎಂದು ಭಾವಮೈದುನ ಅಂದಿದ್ದಕ್ಕೂ ಇದೇ ಕಾರಣ ಇರಬೇಕು, ಸೋರಿದ ಹೊಗೆ ಕ್ಯಾಬಿನ್ನಿಗೆ ನುಗ್ಗುತ್ತಿತ್ತು. ತಿಂಗಳುಗಟ್ಟಲೆ ಸದ್ದು ಸಹಿಸಿದ್ದ ನನ್ನ ಹೆಂಡತಿ 'ತಮ್ಮನ ತಲೆನೋವು' ಎಂಬ ಎರಡು ಪದ ಕೇಳಿದ್ದೇ ತಡ, ನನಗೆ ರಜೆ ಹಾಕಿಸಿದಳು. ತಮ್ಮ ಬೇರೆಯವರ ಗಾಡಿ ಹಿಡಿದು ಬೆಳಗಾವಿಗೆ ಹೋದ. ಗ್ಯಾರೇಜಿನ ಸ್ಟೂಲು ನನ್ನ ಪಾಲಿಗೆ ಬಂತು.

ಮುಂದಿನ ನಟ್ಟುಗಳೆಲ್ಲ ಗೊಣಗುತ್ತ ಬಿಚ್ಚಿಕೊಂಡವು. ಹಿಂದಿನದು ಮಾತ್ರ ಕ್ಯಾಬಿನ್ ಗೋಡೆಗೆ ಆತುಕೊಂಡು ಕೂತಿತ್ತು. ಅಲ್ಲಿ ಕಣ್ಣು ಹೋಗುವುದಿಲ್ಲ, ಕೈ ಹೋದರೆ ಪಾನಾ ಹೋಗುವುದಿಲ್ಲ. ಮೇಸ್ತ್ರಿ ಮುಖವನ್ನು ರಸ್ತೆ ಕಡೆ ತಿರುಗಿಸಿ, ಹೋಗಿಬರುವ ಕದಂಬ ಬಸ್ಸು ನೋಡುತ್ತ, ಬೆರಳಿನಲ್ಲೇ ಹುಡುಕಿ ತಿರುವಿದ. ಠಣ್!

"ಮುರೀತ್ರಿ," ಎಂದ. ಎಂಥ ಸಮಾಧಾನದ ದನಿ! ಹುಡುಗ ಕೂಡಲೇ ಚಹಾಕ್ಕೆ ಹೋದ. ಸ್ಟಡ್, ಅಂದರೆ ನಟ್ಟು ಕೂರುವ ಸುರುಳಿ ಕಡ್ಡಿ, ಮುರಿದಾಗ ಚಹಾ ಕುಡಿಯುವುದು ಆ ಗ್ಯಾರೇಜಿನ ಪದ್ಧತಿ ಎಂದು ಕಾಣುತ್ತದೆ, ಲೋಟಗಳು ತೊಳೆದೇ ಇದ್ದವು.

ಚಹಾ ಮುಗಿಸಿ, "ಸಾಹೇಬ್ರ, ಒಂದ ಮೇಣದ ಬತ್ತಿ ತರ್ರಿ," ಎಂದ.

ಎದುರಿನ ಅಂಗಡಿಯ ಅಜ್ಜಿ, ಯಾರಿಗಾಗಿ ಎಂದು ಕೊಂಕಣಿಯಲ್ಲಿ ಕೇಳಿದಳು. ನನ್ನ ಕೊಂಕಣಿ ಮೀನಿನ ದರದ ಆಚೆ ಹೋಗುವುದಿಲ್ಲ. ಬಾಯಿ ತೆರೆದು ನಿಂತ ಟ್ರಕ್ಕಿನ ಕಡೆ ಕೈ ತೋರಿಸಿದೆ. ಅಜ್ಜಿ ಎದೆಯ ಮೇಲೆ ಶಿಲುಬೆ ಎಳೆದುಕೊಂಡು, ಒಳಗಿನಿಂದ ದಪ್ಪನೆಯ ಬತ್ತಿ ತಂದುಕೊಟ್ಟು, "ದೇವ್ ಬರೆಂ ಕರುಂ" (ದೇವರು ಒಳ್ಳೆಯದು ಮಾಡಲಿ) ಎಂದಳು. ಹತ್ತು ರೂಪಾಯಿ ಕಡಿಮೆಯೇ ತೆಗೆದುಕೊಂಡಳು. ತಿದ್ದುವ ಧೈರ್ಯ ನನಗೆ ಬರಲಿಲ್ಲ.

ಮೇಸ್ತ್ರಿ ಸ್ಟಡ್ಡಿನ ತುಂಡನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ, ಸ್ವಲ್ಪ ಆರಲು ಬಿಟ್ಟು, ಬತ್ತಿಯನ್ನು ಬುಡಕ್ಕೆ ತಾಗಿಸಿದ. ಮೇಣ ಕರಗಿ ಸುರುಳಿ ಸಂದಿನೊಳಗೆ ತಾನಾಗಿ ಇಳಿಯಿತು. ಘಮಘಮ ಹೊಗೆ. ಅಂಗಡಿ ಬಾಗಿಲಲ್ಲಿ ಅಜ್ಜಿ ಕೈಮುಗಿದು ನಿಂತಿದ್ದಳು. ಮೇಲೊಂದು ನಟ್ಟು ವೆಲ್ಡ್ ಮಾಡಿ, ಹಿಂದೆ ಮುಂದೆ ಅಲ್ಲಾಡಿಸಿ ತಿರುವಿದರೆ ವರ್ಷಗಟ್ಟಲೆ ಕೂತಿದ್ದ ತುಂಡು ಸರಾಗ ಹೊರಬಂತು.

ಉಳಿದದ್ದು ಕ್ರಮದ ಕೆಲಸ. ಮ್ಯಾನಿಫೋಲ್ಡಿನ ಮುಖಕ್ಕೆ ಉಕ್ಕಿನ ಪಟ್ಟಿ ಇಟ್ಟರೆ ಅಡಿಯಿಂದ ಬೆಳಕು ಕಾಣುತ್ತಿತ್ತು. ಲೇತ್‌ನವರ ಹತ್ತಿರ ಹೋಗಿ ಮಟ್ಟ ಮಾಡಿಸಿಕೊಂಡು ಬಂದೆವು. ಹೊಸ ಸ್ಟಡ್ಡು, ಹೊಸ ಪ್ಯಾಕಿಂಗು, ನಡುವಿನಿಂದ ಶುರು ಮಾಡಿ ಎರಡೂ ಬದಿಗೆ ಸ್ವಲ್ಪ ಸ್ವಲ್ಪವೇ ಬಿಗಿತ. ಘಾಟ್ ಹತ್ತಿ ಇಳಿದು ಬಂದ ಮೇಲೆ ತಣ್ಣಗಿದ್ದಾಗ ಮತ್ತೆ ಬಿಗಿಸಬೇಕು ಎಂದು ತಾಕೀತು.

ಸೆಲ್ಫ್ ಹೊಡೆದರು. ಟಕ್‌ಟಕ್ ಇಲ್ಲ. ಬಾರ್ಜಿನ ಹಿರಿಯರಿಗೆ ಫೋನ್ ಹಚ್ಚಿ ಕೇಳಿಸಿದೆ. ನೋಝಲ್ ಬದಲಿಸಿದ್ದು ಈಗ ಕೆಲಸ ಮಾಡುತ್ತಿದೆ ಎಂದರು.

ಬಿಲ್ಲಿನಲ್ಲಿ ಸ್ಟಡ್ಡು, ಪ್ಯಾಕಿಂಗು, ಲೇತು, ಮಜೂರಿ, ಎಲ್ಲದರ ಕೆಳಗೆ 'ಮೇಣದ ಬತ್ತಿ' ಎಂದಿತ್ತು.

"ಅಲ್ಲಪ್ಪಾ, ಬತ್ತಿ ನಾನ ತಂದದ್ದು!"

"ಹೌದ್ರಿ," ಎಂದ ಮೇಸ್ತ್ರಿ, "ಹಚ್ಚಿದಾಂವ ಯಾರ್ರಿ?"