ರಿಪೇರಿ ಖರ್ಚಿನ ಮಾತೂ ಬೇಕಿತ್ತು
ಸಮುದ್ರದ ಭರತ ಇಳಿತದ ಹರಿವಿನಿಂದ ಕರೆಂಟ್ ತೆಗೆಯುವ ಬಗ್ಗೆ ಬಂದ ಲೇಖನ ಓದಿದೆ. ಎಲ್ಲಿ ಬೇಕಾದರೂ ಟರ್ಬೈನ್ (ಹರಿವಿಗೆ ತಿರುಗಿ ಕರೆಂಟ್ ಕೊಡುವ ಯಂತ್ರ) ಇಳಿಸಬಹುದು ಎಂಬಂತೆ ಅದು ಹೇಳುತ್ತದೆ. ಹಾಗಿಲ್ಲ. ನೀರಿನ ವೇಗ ಅರ್ಧಕ್ಕೆ ಇಳಿದರೆ ಸಿಗುವ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಸ್ಕಾಟ್ಲೆಂಡಿನ ಮೇಜೆನ್ ಯೋಜನೆಯವರು ನೀರು ರಭಸವಾಗಿ ನುಗ್ಗುವ ಪೆಂಟ್‌ಲ್ಯಾಂಡ್ ಫರ್ತ್ ಎಂಬ ಜಲಸಂಧಿಯನ್ನು ಆರಿಸಿಕೊಂಡು, 1.5 ಮೆಗಾವಾಟ್‌ನ ನಾಲ್ಕು ಟರ್ಬೈನ್ ಇಳಿಸಿದರು.

ಮುಳುಗಿದ ಯಂತ್ರ ಕೆಟ್ಟರೆ ಏನು ಗತಿ? ದೊಡ್ಡ ಹಡಗು ತರಿಸಬೇಕು. ಭರತ ಇಳಿತಗಳ ನಡುವೆ ನೀರು ಶಾಂತವಾಗುವ ಸ್ವಲ್ಪ ಹೊತ್ತಿನಲ್ಲೇ ಕೆಲಸ ಮುಗಿಸಬೇಕು. ಖರ್ಚು ಜಾಸ್ತಿಯಾಗುವುದು ಇಲ್ಲೇ ಅಲ್ವಾ? ಉತ್ತರ ಐರ್ಲೆಂಡಿನಲ್ಲಿ 2008ರಲ್ಲಿ ಸ್ಥಾಪಿಸಿದ ಸೀಜೆನ್ ಟರ್ಬೈನ್ ನನಗೆ ತುಂಬಾ ಇಷ್ಟವಾಗುವುದು ಇದೇ ಕಾರಣಕ್ಕೆ. ಅದರ ರೆಕ್ಕೆಗಳನ್ನು ಕಂಬದ ಮೇಲಕ್ಕೆ, ನೀರಿನಿಂದ ಹೊರಗೆ ಎತ್ತಿ ರಿಪೇರಿ ಮಾಡಬಹುದಿತ್ತು. ಸೀಲ್ ಎಂಬ ಕಡಲ ಪ್ರಾಣಿಗಳು ತೀರಾ ಹತ್ತಿರ ಬಂದರೆ ಯಂತ್ರವನ್ನೇ ನಿಲ್ಲಿಸುತ್ತಿದ್ದರು. ಲೇಖಕರು ಇದನ್ನೆಲ್ಲ ಬಿಡಬಾರದಿತ್ತು.