ತೋಟಾ ಮನೆಯಲ್ಲೇ ತುಂಬಬೇಕಾ? ಒಂದು ಪ್ರೆಸ್ಸು, ಎರಡು ಮಾತು

ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಹತ್ತಿರ ಸ್ಕೀಟ್ ಆಡುವ ಇಬ್ಬರು ಕನ್ನಡಿಗರು ನಾವು. ಹಾರಿಬರುವ ಮಣ್ಣಿನ ಬಿಲ್ಲೆಗೆ ಶಾಟ್‌ಗನ್ನಿನಲ್ಲಿ ಹೊಡೆಯುವ ಆಟ ಇದು. ಒಂದು ಸುತ್ತಿಗೆ 25 ಈಡು, ಅಂದರೆ ಒಂದು ಡಬ್ಬಿ ತೋಟಾ. ಒಬ್ಬರು ಮಲೆನಾಡಿನವರು, ಪ್ರತಿ ವಾರ ಹೋಗುತ್ತಾರೆ. ಇನ್ನೊಬ್ಬರು ಕೊಡಗಿನವರು, ತಿಂಗಳಿಗೆ ಎರಡು ಸುತ್ತು ಆಡಿದರೆ ಜಾಸ್ತಿ. ಹೊಡೆದ ತೋಟಾದ ಸಿಪ್ಪೆಯನ್ನು ಮನೆಗೆ ತಂದು ಪ್ರೆಸ್ ಅನ್ನುವ ಕೈಯಂತ್ರದಲ್ಲಿ ಮತ್ತೆ ತುಂಬಬೇಕಾ, ಬೇಡವಾ ಅಂತ ವಾದ ಮಾಡಿ ಮಾಡಿ ಸಾಕಾಗಿ, ಇಬ್ಬರೂ ಬರೆದುಬಿಡೋಣ ಎಂದು ಕೂತಿದ್ದೇವೆ. ಒಂದು ಮಾತು ಮೊದಲೇ: ಇದು ಅಮೆರಿಕದ ಕಥೆ. ಇಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರುವುದಾದರೆ ಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಲೈಸೆನ್ಸ್ ಬೇಕೇ ಬೇಕು. ಊರಲ್ಲಿ ಓದುತ್ತಿರುವವರು ಸುಮ್ನೆ ಓದಿಕೊಳ್ಳಿ.

ಪರ: ನಾನು ತುಂಬುತ್ತೇನೆ, ನೀವೂ ಕಲಿಯಿರಿ

ನಮ್ಮಜ್ಜನ ಹತ್ತಿರ ಕೇಪಿನ ಕೋವಿ ಇತ್ತು. ಗದ್ದೆ ಕಾಯಲು ಹೋಗುವ ಮುಂಚೆ ಜಗಲಿಯಲ್ಲಿ ಕೂತು ನಳಿಗೆಯ ಬಾಯಿಗೆ ಮದ್ದು ಸುರಿಯುತ್ತಿದ್ದ. ಮೇಲೆ ತೆಂಗಿನ ನಾರು, ಗಜದಲ್ಲಿ ನಾಲ್ಕು ಗುದ್ದು, ಆಮೇಲೆ ಚರೆ, ಅಂದರೆ ಕಾಳಿನಂಥ ಸಣ್ಣ ಗುಂಡು, ಮತ್ತೆ ನಾರು, ಮತ್ತೆ ಗುದ್ದು. ಆ ಹೊತ್ತಿನಲ್ಲಿ ಯಾರೂ ಮಾತಾಡಿಸುವಂತಿರಲಿಲ್ಲ. ಅಜ್ಜಿ ಕಾಫಿ ತಂದರೂ ಬಾಗಿಲಲ್ಲೇ ನಿಲ್ಲುತ್ತಿದ್ದಳು.

ನನ್ನ ಗ್ಯಾರೇಜಿನಲ್ಲಿ ನಡೆಯುವುದೂ ಅದೇ ಕೆಲಸ. ನಾರಿನ ಜಾಗಕ್ಕೆ ಪ್ಲಾಸ್ಟಿಕ್ ವಾಡ್ ಬಂದಿದೆ, ಕೇಪಿನ ಜಾಗಕ್ಕೆ 209 ಪ್ರೈಮರ್, ಗಜದ ಜಾಗಕ್ಕೆ ಪ್ರೆಸ್ಸಿನ ಹಿಡಿಕೆ. ಕರಿಮದ್ದು ಹೋಗಿ ಹೊಗೆಯಿಲ್ಲದ ಮದ್ದು ಬಂದಿದೆ. ಇದೊಂದು ದೊಡ್ಡ ವ್ಯತ್ಯಾಸ, ಆ ಮಾತಿಗೆ ಮತ್ತೆ ಬರುತ್ತೇನೆ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಗೇಜ್ ಅಂದರೆ ನಳಿಗೆಯ ಅಳತೆ, ನಂಬರು ದೊಡ್ಡದಾದಷ್ಟು ನಳಿಗೆ ಸಣ್ಣದು. 12 ಗೇಜ್ ತುಂಬಿ ದುಡ್ಡು ಉಳಿಸುತ್ತೇನೆ ಅಂತ ಹೊರಟರೆ ಆಸೆ ಬಿಡಿ. 25 ಪೌಂಡಿನ ಚರೆ ಚೀಲ ಅಂದರೆ 400 ಔನ್ಸ್. ಒಂದು ತೋಟಾಕ್ಕೆ ಒಂದು ಔನ್ಸ್ ಹಾಕಿದರೆ 400 ತೋಟಾ. ನಮ್ಮ ಕಡೆ ಆ ಚೀಲಕ್ಕೆ ಈಗ 50 ಡಾಲರ್ ದಾಟುತ್ತದೆ. ಪ್ರೈಮರ್, ಮದ್ದು, ವಾಡ್ ಎಲ್ಲ ಸೇರಿಸಿದರೆ ಡಬ್ಬಿಗೆ ಹೆಚ್ಚುಕಡಿಮೆ 8 ಡಾಲರ್ ಬೀಳುತ್ತದೆ. ಅಂಗಡಿಯ ಅಗ್ಗದ ಡಬ್ಬಿಯೂ 8ರಿಂದ 10ಕ್ಕೇ ಸಿಗುತ್ತದೆ. ಉಳಿದಿದ್ದೇನು, ಮಣ್ಣು.

ಆದರೆ ಸ್ಕೀಟ್ ಆಟಗಾರನಿಗೆ 12 ಒಂದೇ ಅಲ್ಲ. ಸ್ಪರ್ಧೆಗಳಲ್ಲಿ 12, 20, 28 ಮತ್ತು .410 ಹೀಗೆ ನಾಲ್ಕು ವರ್ಗ. ಎಲ್ಲಕ್ಕಿಂತ ಸಣ್ಣ ನಳಿಗೆಯ .410ರ ತೋಟಾದಲ್ಲಿ ಚರೆ ಅರ್ಧ ಔನ್ಸ್ ಮಾತ್ರ. ಅದೇ ಚೀಲದಲ್ಲಿ 800 ತೋಟಾ ಆಗುತ್ತವೆ. ಸಾಮಾನು ಕಡಿಮೆ, ಅಂಗಡಿಯ ಬೆಲೆ ಮಾತ್ರ 12ಕ್ಕಿಂತ ಜಾಸ್ತಿ. ಡಬ್ಬಿಗೆ 15 ಡಾಲರ್ ಕೊಟ್ಟು ತರುತ್ತಿದ್ದದ್ದು ನನಗೀಗ 6ರ ಆಸುಪಾಸಿಗೆ ಆಗುತ್ತಿದೆ. 28 ಗೇಜಿನದೂ ಹೆಚ್ಚುಕಡಿಮೆ ಇದೇ ಕಥೆ. ವಾರಕ್ಕೆ ನಾಲ್ಕು ಸುತ್ತು ಹೊಡೆಯುವವನಿಗೆ ಇದು ಸಣ್ಣ ಮೊತ್ತ ಅಲ್ಲ.

ದುಡ್ಡಿಗಿಂತ ನನಗೆ ರುಚಿಸಿದ್ದು ಬೇರೆ. ನನ್ನ ಮಗಳು ಕಲಿಯಲು ಶುರು ಮಾಡಿದಾಗ ಅಂಗಡಿಯ ತೋಟಾದ ಒದೆತಕ್ಕೆ ಹೆದರಿ ಕಣ್ಣು ಮುಚ್ಚುತ್ತಿದ್ದಳು. ತುಂಬುವ ಲೆಕ್ಕದ ಪುಸ್ತಕ, ಅಂದರೆ ಮ್ಯಾನ್ಯುಯಲ್ ತೆಗೆದು 12 ಗೇಜಿಗೆ 7/8 ಔನ್ಸಿನ ಹಗುರ ಲೋಡ್ ಹುಡುಕಿ ತುಂಬಿಕೊಟ್ಟೆ. ಎರಡನೇ ವಾರಕ್ಕೆ ಕಣ್ಣು ಬಿಟ್ಟುಕೊಂಡು ಹೊಡೆಯುತ್ತಿದ್ದಳು. ಭುಜದ ನೋವಿರುವ ಹಿರಿಯರೂ ಇದೇ ಕಾರಣಕ್ಕೆ ತುಂಬಿಕೊಳ್ಳುತ್ತಾರೆ.

ಈಗ ಶುರು ಮಾಡುವ ಬಗೆ. ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದ್ದು ಪ್ರೆಸ್ ಅಲ್ಲ, ಲೋಡಿಂಗ್ ಮ್ಯಾನ್ಯುಯಲ್. ಮದ್ದಿನ ಕಂಪನಿಗಳು ತಮ್ಮ ಡೇಟಾವನ್ನು ಬಿಟ್ಟಿಯಾಗಿಯೂ ಕೊಡುತ್ತವೆ. ಯಾವ ಸಿಪ್ಪೆ, ಯಾವ ಪ್ರೈಮರ್, ಯಾವ ಮದ್ದು ಎಷ್ಟು ಗ್ರೇನ್ (ಮದ್ದು ತೂಗುವ ಸಣ್ಣ ಅಳತೆ), ಯಾವ ವಾಡ್, ಎಷ್ಟು ಚರೆ ಎಂದು ಒಂದೇ ಸಾಲಿನಲ್ಲಿ ಇರುತ್ತದೆ. ಆ ಸಾಲಿನಲ್ಲಿ ಒಂದನ್ನೂ ಬದಲಿಸುವಂತಿಲ್ಲ. ಇಲ್ಲಿಯವರು ಇದನ್ನು ರೆಸಿಪಿ ಅನ್ನುತ್ತಾರೆ, ನನಗೆ ಆ ಹೆಸರೇ ಸರಿ ಅನ್ನಿಸುವುದಿಲ್ಲ. ನಮ್ಮ ಮನೆಯ ಸಾರಿನಲ್ಲಿ ಹುಣಸೆ ಇಲ್ಲದಿದ್ದರೆ ನಿಂಬೆ ಹಿಂಡುತ್ತೇವೆ. ಇಲ್ಲಿ ಹಾಗಿಲ್ಲ. ಅಜ್ಜನ ಕರಿಮದ್ದು ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತಿತ್ತು, ಹೊಗೆಯಿಲ್ಲದ ಮದ್ದು ಕ್ಷಮಿಸುವುದಿಲ್ಲ. ಪ್ರೈಮರ್ ಒಂದು ಬದಲಾದರೂ ಒತ್ತಡ ಏರಬಹುದು. 12 ಗೇಜಿನ ಮಾಮೂಲಿ ತೋಟಾಕ್ಕೆ ಇಲ್ಲಿ ಒಪ್ಪಿರುವ ಮಿತಿ 11,500 ಪಿಎಸ್‌ಐ. ಅದನ್ನು ಅಳೆಯುವ ಸಾಧನ ನಮ್ಮ ಗ್ಯಾರೇಜಿನಲ್ಲಿ ಇರುವುದಿಲ್ಲ ಅನ್ನುವುದು ನೆನಪಿರಲಿ.

ಆಮೇಲೆ ಸಿಪ್ಪೆ. ವಿಂಚೆಸ್ಟರ್ ಎಎ, ರೆಮಿಂಗ್ಟನ್ ಎಸ್‌ಟಿಎಸ್ ಇವೆರಡೂ ಮರುತುಂಬಲು ಹೇಳಿಮಾಡಿಸಿದಂಥವು. ಒಂದೇ ಜಾತಿಯದನ್ನು ಕೂಡಿಡಿ, ಸಿಕ್ಕಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳಬೇಡಿ. ಬಾಯಿ ಸೀಳಿದ್ದನ್ನು ಎಸೆಯಿರಿ. ಪ್ರೆಸ್ ವಿಷಯದಲ್ಲಿ ನನ್ನ ಸಲಹೆ ಸಿಂಗಲ್ ಸ್ಟೇಜ್. ನನ್ನದು ಮೆಕ್ 600 ಜೂನಿಯರ್, ವಿಸ್ಕಾನ್ಸಿನ್ನಿನಲ್ಲಿ ಮಾಡಿದ್ದು, ಯಾರೋ ಹಿರಿಯರಿಂದ ಸೆಕೆಂಡ್ ಹ್ಯಾಂಡ್ ಬಂತು. ಒಂದು ಸಲಕ್ಕೆ ಒಂದೇ ಸಿಪ್ಪೆ, ಒಂದು ಹೆಜ್ಜೆಗೆ ಒಂದು ಸಲ ಹಿಡಿಕೆ ಎಳೆಯಬೇಕು. ಮೊದಲು ಹಳೆ ಪ್ರೈಮರ್ ಕಿತ್ತು ಬೀಳುತ್ತದೆ, ಪಕ್ಕಕ್ಕಿಟ್ಟರೆ ಹೊಸದು ಕೂರುತ್ತದೆ. ಪ್ರೆಸ್ಸಿನ ಮುಂದಿನ ಜಾಗದಲ್ಲಿ ಮೇಲಿನ ಅಡ್ಡಪಟ್ಟಿಯನ್ನು ಒಂದು ಕಡೆ ತಳ್ಳಿದರೆ ಮದ್ದು, ವಾಡ್ ಒತ್ತಿ ಇನ್ನೊಂದು ಕಡೆ ತಳ್ಳಿದರೆ ಚರೆ. ಸರ್ ಅಂತ ಚರೆ ಇಳಿಯುವ ಸದ್ದು ಕೇಳಲು ಚಂದ. ಕೊನೆಯ ಎರಡು ಎಳೆತಕ್ಕೆ ಬಾಯಿ ಮಡಚಿ ಹೂವಿನಂತೆ ಮುಚ್ಚಿಕೊಳ್ಳುತ್ತದೆ. ಎಂಟು ಮಡಿಕೆ, ನಡುವೆ ತೂತು ಇರಬಾರದು.

ಪ್ರೆಸ್ಸಿನ ಜೊತೆ ಗ್ರೇನ್ ತೋರಿಸುವ ತಕ್ಕಡಿ ಕೊಳ್ಳದವರು ಈ ಕೆಲಸಕ್ಕೆ ಬರಬೇಡಿ. ಪುಸ್ತಿಕೆಯಲ್ಲಿ ಈ ಬುಶಿಂಗಿಗೆ (ಮದ್ದಿನ ಅಳತೆ ಗೊತ್ತುಮಾಡುವ ಸಣ್ಣ ಕೊಳವೆ) ಇಷ್ಟು ಮದ್ದು ಬೀಳುತ್ತದೆ ಅಂತ ಬರೆದಿರುತ್ತದೆ, ಬೀಳುವುದೇ ಬೇರೆ. ಕೈ ಅದುರಿದರೆ ಒಂದು ತೂಕ, ಮೆಲ್ಲಗೆ ತಳ್ಳಿದರೆ ಇನ್ನೊಂದು. ನಾನು ಇವತ್ತಿಗೂ ಮೊದಲ ಹತ್ತನ್ನು ತೂಗಿಯೇ ಮುಂದುವರಿಯುತ್ತೇನೆ.

ಗಂಟೆಗೆ ನಾಲ್ಕು ಡಬ್ಬಿ ಆಗುತ್ತದೆ. ಆ ಗಂಟೆ ಫೋನು ಅಡುಗೆಮನೆಯಲ್ಲಿ. ನನ್ನ ಪ್ರೆಸ್ಸಿನ ಹಿಡಿಕೆಗೆ ಹಳೆ ವಾಡ್ ಒಂದು ನೇತಾಡುತ್ತಿರುತ್ತದೆ. ಬಂದವರೆಲ್ಲ ಇದೇನು ದೃಷ್ಟಿಬೊಂಬೆಯಾ ಅಂತ ಕೇಳುತ್ತಾರೆ. ಅದರ ಕಥೆ ನನ್ನ ಕೊಡಗಿನ ಗೆಳತಿಯೇ ಹೇಳುತ್ತಾಳೆ, ಹೇಳದೆ ಬಿಡುವವಳಲ್ಲ.

ವಿರೋಧ: ಡಬ್ಬಿ ಕೊಳ್ಳಿ, ಆಡಿ, ಮನೆಗೆ ಹೋಗಿ

ಹೇಳುತ್ತೇನೆ, ಆದರೆ ಕೊನೆಗೆ.

ಕೋವಿ ನನಗೆ ಹೊಸದಲ್ಲ. ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ನಮ್ಮನೆಯಲ್ಲಿ ಕೋವಿಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಮಧ್ಯಾಹ್ನ ತೆಂಗಿನಕಾಯಿಗೆ ಗುರಿ. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಈಡಿನ ಸದ್ದು ಕೇಳಿದರೆ ಅಡುಗೆಮನೆಯಲ್ಲಿ ಎಲ್ಲರ ಕೈ ನಿಲ್ಲುತ್ತದೆ, ಇನ್ನೊಂದು ಬರುತ್ತದಾ ಅಂತ. ಹಾಗಾಗಿ ಹೆದರಿಕೆಯಿಂದ ಬೇಡ ಅನ್ನುತ್ತಿದ್ದೇನೆ ಅಂದುಕೊಳ್ಳಬೇಡಿ.

ಅವನ .410 ಲೆಕ್ಕ ಸರಿ, ಒಪ್ಪಿದೆ. ಆದರೆ ಹೊಸಬರು ಎಷ್ಟು ಜನ .410 ಹಿಡಿದು ಬರುತ್ತಾರೆ? ನಾನು ಹೊಡೆಯುವುದು 20 ಗೇಜ್. ಅದರ ಡಬ್ಬಿ 12ರ ಬೆಲೆಗೇ ಸಿಗುತ್ತದೆ. ವರ್ಷಕ್ಕೆ ನನಗೆ 24 ಡಬ್ಬಿ ಸಾಕು. ಇಷ್ಟಕ್ಕೆ ಪ್ರೆಸ್ಸು, ತಕ್ಕಡಿ, ಬುಶಿಂಗ್, ಸಾವಿರಗಟ್ಟಲೆ ಪ್ರೈಮರ್ ತಂದಿಟ್ಟುಕೊಳ್ಳುವುದು ಒಂದು ಲೋಟ ಹಾಲಿಗೆ ಎಮ್ಮೆ ಕಟ್ಟಿದ ಹಾಗೆ. ಕಷ್ಟಕಾಲಕ್ಕೆ ಆಗುತ್ತದೆ ಅನ್ನುವ ಮಾತೂ ಇದೆ. 2020ರಲ್ಲಿ ಅಂಗಡಿಯ ತೋಟಾ ಖಾಲಿಯಾದಾಗ ಪ್ರೈಮರ್ ಕೂಡ ಖಾಲಿಯಾಗಿತ್ತು. ಇವನೇ ಊರೆಲ್ಲ ಪ್ರೈಮರ್ ಹುಡುಕುತ್ತಿದ್ದ.

ಇನ್ನು ಮನೆ. ಅವನಿಗೆ ಗ್ಯಾರೇಜು ಇದೆ. ಅಪಾರ್ಟ್‌ಮೆಂಟಿನಲ್ಲಿರುವವರು ಏನು ಮಾಡಬೇಕು? ಇಲ್ಲಿನ ಅಗ್ನಿಸುರಕ್ಷತಾ ನಿಯಮ ಎನ್‌ಎಫ್‌ಪಿಎ 495ರ ಪ್ರಕಾರ ಮನೆಯಲ್ಲಿ ಸ್ವಂತಕ್ಕೆ 20 ಪೌಂಡ್ ಮದ್ದು, ಅದೂ ಕಂಪನಿಯ ಮೂಲ ಡಬ್ಬದಲ್ಲೇ, ಮತ್ತು 10,000 ಪ್ರೈಮರ್ ಇಟ್ಟುಕೊಳ್ಳಬಹುದು. ನಗರದ ನಿಯಮ, ಮನೆ ಮಾಲೀಕರ ಕರಾರು ಇದಕ್ಕಿಂತ ಬಿಗಿ ಇರಬಹುದು. ಒಂದು ಭಾನುವಾರ ಅವನ ಪ್ರೆಸ್ಸಿನ ಮೇಲೆ ಅರ್ಧ ತುಂಬಿದ ಮದ್ದಿನ ಬಾಟಲಿ ನೋಡಿದೆ. ಪ್ಲಾಸ್ಟಿಕ್ ಒಳಗಿನಿಂದ ಕಂದು ಬಣ್ಣಕ್ಕೆ ತಿರುಗಿತ್ತು. ಕೆಲವು ಮದ್ದಿನಲ್ಲಿರುವ ನೈಟ್ರೊಗ್ಲಿಸರಿನ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಅದಕ್ಕಿಂತ ದೊಡ್ಡ ಪ್ರಶ್ನೆ, ಇದು ಯಾವ ಮದ್ದು ಅಂತ ಕೇಳಿದೆ. ಎರಡು ಕ್ಷಣ ಸುಮ್ಮನಿದ್ದ. ಆ ಎರಡು ಕ್ಷಣ ನನಗೆ ಸಾಕಾಯಿತು. ಪುಣ್ಯಕ್ಕೆ ಅದನ್ನು ಬಳಸದೆ ಎಸೆದ.

ಸೀಸದ ಬಗ್ಗೆ ಅವನು ಒಂದಕ್ಷರ ಬರೆದಿಲ್ಲ ನೋಡಿ. ಚರೆ ಸೀಸದ್ದು. ಕಿತ್ತು ಬೀಳುವ ಹಳೆ ಪ್ರೈಮರ್‌ಗಳ ತಟ್ಟೆಯಲ್ಲಿ ಕೂರುವ ಬೂದು ಧೂಳಿನಲ್ಲೂ ಸೀಸ ಇರುತ್ತದೆ, ಅದು ಚರೆಗಿಂತ ಸುಲಭವಾಗಿ ಬಾಯಿಗೆ ಹೋಗುತ್ತದೆ. ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದ್ದರೆ ಎಚ್ಚರಿಕೆ ಅನ್ನುವ ಗೆರೆಯನ್ನು ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ (CDC) 2021ರಲ್ಲಿ ಡೆಸಿಲೀಟರ್‌ಗೆ 3.5 ಮೈಕ್ರೊಗ್ರಾಮ್‌ಗೆ ಇಳಿಸಿತು. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಈ ಕೆಲಸ ಬೇಡವೇ ಬೇಡ. ಒಂದು ಔನ್ಸಿನಲ್ಲಿ 8ನೇ ನಂಬರಿನ ಚರೆ 400ಕ್ಕೂ ಹೆಚ್ಚು ಕಾಳು ಇರುತ್ತವೆ. ಇವನು ಒಮ್ಮೆ ಚರೆಯ ಬಾಟಲಿ ತಿರುಗಿಸುವಾಗ ಕೈ ಜಾರಿ ಪೌಂಡುಗಟ್ಟಲೆ ಚೆಲ್ಲಿದ. ದೀಪಾವಳಿಗೆ ಗ್ಯಾರೇಜು ಗುಡಿಸಿದಾಗಲೂ ಸಾಸಿವೆಯಂತೆ ಉರುಳಿ ಬರುತ್ತಿದ್ದವು.

ವೀಸಾದ ಮೇಲಿರುವ ನಮ್ಮವರಿಗೆ ಒಂದು ಮಾತು. ಎಚ್-1ಬಿಯಂಥ ವೀಸಾದಲ್ಲಿರುವವರು ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ಕೋವಿಯನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ತೋಟಾ ಇಲ್ಲ ಸಾರ್, ಬರೀ ಪ್ರೈಮರ್ರು, ಮದ್ದು ಅಂದರೂ ನಡೆಯುವುದಿಲ್ಲ. ಫೆಡರಲ್ ಕಾನೂನು ಅವೆರಡನ್ನೂ ಮದ್ದುಗುಂಡು ಅಂತಲೇ ಎಣಿಸುತ್ತದೆ. ಗೆಳೆಯನ ಪ್ರೆಸ್ಸಿನಲ್ಲಿ ಎರಡು ಡಬ್ಬಿ ತುಂಬಿ ಮನೆಗೆ ತರುವ ಮೊದಲು ವಕೀಲರನ್ನು ಕೇಳಿ.

ಎರಡು ಗೇಜ್ ತುಂಬುವ ಮನೆಗೆ ಇನ್ನೊಂದು ಅಪಾಯ ಇದೆ. 20ರ ತೋಟಾ 12ರ ನಳಿಗೆಗೆ ಬಿದ್ದರೆ ಒಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಖಾಲಿ ಅನ್ನಿಸುತ್ತದೆ. ಅದರ ಹಿಂದೆ 12ರದ್ದು ಹಾಕಿ ಹೊಡೆದರೆ ನಳಿಗೆ ಸೀಳುತ್ತದೆ. ಅಮೆರಿಕದಲ್ಲಿ 20ರ ತೋಟಾವನ್ನು ಸಾಮಾನ್ಯವಾಗಿ ಹಳದಿ ಮಾಡುವುದು ಇದಕ್ಕೇ. ಗ್ಯಾರೇಜಿನ ಐಸ್‌ಕ್ರೀಂ ಡಬ್ಬದಲ್ಲಿ ಎಲ್ಲವನ್ನೂ ಕಲಸಿಟ್ಟರೆ ಹಳದಿ ಬಣ್ಣ ಏನು ಮಾಡೀತು?

ಈಗ ವಾಡಿನ ಕಥೆ. ಹೋದ ವರ್ಷ ನನ್ನ ಡಬ್ಬಿ ಮುಗಿದಿತ್ತು. ತಗೋ, ನಾನೇ ತುಂಬಿದ್ದು, ಅಂತ ಇವನು 20ರ ಒಂದು ಡಬ್ಬಿ ಕೊಟ್ಟ. ಮೂರು ಸ್ಟೇಷನ್, ಅಂದರೆ ನಿಂತು ಹೊಡೆಯುವ ಮೂರು ಜಾಗ, ಚೆನ್ನಾಗಿಯೇ ಆಯಿತು. ನಾಲ್ಕನೇ ಸ್ಟೇಷನ್ನಿನಲ್ಲಿ ಬಿಲ್ಲೆ ಎಸೆಯುವ ಎತ್ತರದ ಮನೆಯಿಂದ ಒಂದು ಬಂತು, ಟ್ರಿಗರ್ ಎಳೆದೆ. ಢಂ ಅನ್ನಲಿಲ್ಲ. ಪುಸ್ ಅಂತು, ಕುಕ್ಕರಿನ ಮೊದಲ ಉಸಿರಿನ ಹಾಗೆ. ಭುಜಕ್ಕೆ ಒದೆತ ಇಲ್ಲ. ನಳಿಗೆಯ ಬಾಯಿಂದ ನಾಲ್ಕಾರು ಚರೆ ಕಾಲ ಹತ್ತಿರ ಉದುರಿದವು. ಹಿಂದೆ ನಿಂತವನು, ತೋಟಾ ಒದ್ದೆ ಇರಬೇಕು, ಇನ್ನೊಂದು ಹಾಕು ಅಂದ.

ಹಾಕಲಿಲ್ಲ. ಈಡಿನ ಸದ್ದು ಎಣಿಸಿ ಬೆಳೆದ ಕಿವಿ ನನ್ನದು, ಅದು ಒಪ್ಪಲಿಲ್ಲ. ಕೋವಿ ಮಡಚಿ, ತೋಟಾ ತೆಗೆದು, ಹಿಂದಿನಿಂದ ನಳಿಗೆಯೊಳಗೆ ನೋಡಿದೆ. ಎರಡು ನಳಿಗೆಗಳಲ್ಲಿ ಮೇಲಿನದರಲ್ಲಿ ಆಕಾಶ ಕಾಣಿಸಿತು. ಕೆಳಗಿನದರಲ್ಲಿ ಕತ್ತಲೆ. ಆ ತೋಟಾಕ್ಕೆ ಮದ್ದೇ ಬಿದ್ದಿರಲಿಲ್ಲ. ಪ್ರೈಮರ್ ಒಂದೇ ಸಿಡಿದು ವಾಡನ್ನು ಅರ್ಧ ದಾರಿಗೆ ತಳ್ಳಿ ಬಿಟ್ಟಿತ್ತು. ಮುಂದಿನ ಈಡು ಅದೇ ನಳಿಗೆಯಲ್ಲಿ ಹೋಗಬೇಕಿತ್ತು. ನನ್ನ ಎಡಗೈ ಹಿಡಿದಿದ್ದು ಅದರ ಕೆಳಗೇ.

ಇವನನ್ನು ಕೇಳಿದರೆ, ತುಂಬುವಾಗ ಮಗಳು ಏನೋ ಕೇಳಲು ಬಂದಿದ್ದಳು, ಮಾತಾಡುತ್ತಾ ಅಡ್ಡಪಟ್ಟಿಯನ್ನು ಪೂರ್ತಿ ತಳ್ಳಿರಲಿಕ್ಕಿಲ್ಲ ಅಂದ. ಅಜ್ಜಿ ಕಾಫಿ ಹಿಡಿದು ಬಾಗಿಲಲ್ಲೇ ನಿಲ್ಲುತ್ತಿದ್ದಳು ಅಂತ ಮೇಲೆ ಬರೆದಿದ್ದಾನಲ್ಲ, ಅದೇ ಮನುಷ್ಯ.

ಮೈದಾನದವರು ಮರದ ಕೋಲು ತಂದು ವಾಡನ್ನು ಹೊರಗೆ ತಳ್ಳಿಕೊಟ್ಟರು. ಬಿಳಿ ಪ್ಲಾಸ್ಟಿಕ್ಕು, ಹೆಬ್ಬೆರಳಿನಷ್ಟು ಉದ್ದ, ಒಂದು ಗೀರೂ ಇರಲಿಲ್ಲ. ಸಂಜೆ ಅವನ ಮನೆಗೆ ಹೋಗಿ ಚಹಾ ಕುಡಿದು, ಮಗಳ ಹತ್ತಿರ ದಾರ ಇಸಿದುಕೊಂಡು ಅದನ್ನು ಪ್ರೆಸ್ಸಿನ ಹಿಡಿಕೆಗೆ ಕಟ್ಟಿ ಬಂದೆ. ಈಗ ಹಿಡಿಕೆ ಎಳೆದಾಗಲೆಲ್ಲ ಅದು ಅವನ ಮಣಿಕಟ್ಟಿಗೆ ತಾಗುತ್ತದಂತೆ. ತಾಗಲಿ ಅಂತಲೇ ದಾರ ಉದ್ದ ಬಿಟ್ಟಿದ್ದು.