ಮೈದಾ ತೂಗಿ, ಸೋಡಾ ಚಮಚಕ್ಕೇ ಬಿಡಿ

ಒಂದು ಕಪ್ ಎಂದರೆ 250 ಗ್ರಾಂ ಅಂತ ಕಣ್ಣುಮುಚ್ಚಿ ಹೇಳುವವರ ಮಾತು ಕೇಳಿ ಕೇಕಿಗೆ ಕೈ ಹಾಕಬೇಡಿ. ಅಮೆರಿಕದ ಸುಮಾರು 240 ಎಂಎಲ್ ಕಪ್ಪಿನಲ್ಲಿ ಮೈದಾ 120 ಗ್ರಾಂ ಹಿಡಿಯುತ್ತದೆ, ಸಕ್ಕರೆ 200, ಎಣ್ಣೆ 220, ಬೆಣ್ಣೆ 227, ಜೇನುತುಪ್ಪ 340. ಕೋಕೋ ಪುಡಿ 85ರ ಆಸುಪಾಸು. ನೀರು, ಹಾಲು, ಮೊಸರಿಗೆ ಮಾತ್ರ ಎಂಎಲ್ ಮತ್ತು ಗ್ರಾಂ ಹೆಚ್ಚುಕಡಿಮೆ ಒಂದೇ ಅಂದುಕೊಳ್ಳಬಹುದು.

ಇವುಗಳಲ್ಲಿ ಕೈಕೊಡುವುದು ಮೈದಾ. ಚಮಚದಲ್ಲಿ ಹಗುರವಾಗಿ ಕಪ್ಪಿಗೆ ಉದುರಿಸಿ, ಚಾಕುವಿನ ಬೆನ್ನಿನಿಂದ ಅಂಚಿಗೆ ಸಮ ಮಾಡಿದರೆ 120 ಗ್ರಾಂ. ಅದೇ ಕಪ್ಪನ್ನು ಡಬ್ಬಿಯೊಳಗೆ ಅದ್ದಿ ಎತ್ತಿದರೆ 140ರಿಂದ 150. ಒಂದೂವರೆ ಕಪ್ ಮೈದಾದ ಕೇಕಿಗೆ 180 ಗ್ರಾಂ ಬೀಳಬೇಕಾದಲ್ಲಿ 220 ಬಿದ್ದಿರುತ್ತದೆ. ಆ ನಲವತ್ತು ಗ್ರಾಂ ಅಂದರೆ ಐದು ಟೇಬಲ್ ಚಮಚ ಮೈದಾ! ಕೇಕ್ ನಡುವೆ ಉಬ್ಬಿ ಬಿರಿಯುತ್ತದೆ, ಮರುದಿನ ಕತ್ತರಿಸಿದರೆ ಪುಡಿಪುಡಿ. ಹಿಟ್ಟು ಗಟ್ಟಿಯಾಯ್ತು ಅಂತ ಹಾಲು ಸುರಿದರೆ ಇನ್ನೂ ಕೆಡುತ್ತದೆ. ಮೈದಾಕ್ಕೆ ತಕ್ಕಷ್ಟು ಸಕ್ಕರೆ, ಕೊಬ್ಬು ಇರುವುದಿಲ್ಲ, ಸಪ್ಪೆಯಾಗಿ ಅಂಟಂಟಾಗುತ್ತದೆ. ಬೈಗುಳ ಮಾತ್ರ ಪಾಪ ಓವನ್ನಿಗೆ.

ರೆಸಿಪಿ ಬರೆದವರ ಲೆಕ್ಕವೂ ಒಂದೇ ಅಲ್ಲ. ಅಮೆರಿಕದವರಲ್ಲೇ ಕೆಲವರು ಕಪ್ಪಿಗೆ 120 ಹಿಡಿಯುತ್ತಾರೆ, ಕೆಲವರು 140. ವಿಡಿಯೋ ಇದ್ದರೆ ಅವರು ಕಪ್ ತುಂಬುವ ಕೈಯನ್ನು ನೋಡಿ, ಅದ್ದುತ್ತಾರೋ ಉದುರಿಸುತ್ತಾರೋ ಅಂತ. ಯಾವ ಸುಳಿವೂ ಸಿಗದಿದ್ದರೆ 125ರಿಂದ ಶುರುಮಾಡುವುದು ಕ್ಷೇಮ.

ಕಪ್ಪಿನ ಗಾತ್ರದ ಗೋಜಲು ಬೇರೆ. ಆಸ್ಟ್ರೇಲಿಯಾದ ಕಪ್ 250 ಎಂಎಲ್, ಅಲ್ಲಿನ ಟೇಬಲ್ ಚಮಚ 20 ಎಂಎಲ್. ಉಳಿದ ಕಡೆ 15. ರೈಸ್ ಕುಕ್ಕರಿನ ಜೊತೆ ಬರುವ ಕಪ್ ಸಾಮಾನ್ಯವಾಗಿ 180ರ ಹತ್ತಿರ, ಅದನ್ನು ಕೇಕಿಗೆ ತರಲೇಬೇಡಿ. ನಿಮ್ಮ ಕಪ್ ಎಷ್ಟರದ್ದೆಂದು ತಿಳಿಯಬೇಕೇ? ಖಾಲಿ ಕಪ್ಪನ್ನು ಡಿಜಿಟಲ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟೇ ಎಂಎಲ್.

"ಅಜ್ಜಿ ಪಾವಿನಲ್ಲೇ ಅಳೆದು ಎಲ್ಲ ಮಾಡುತ್ತಿದ್ದರಲ್ಲ" ಅನ್ನುವ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ರವೆ, ಸಕ್ಕರೆ, ತುಪ್ಪ ಎಲ್ಲವೂ ಒಂದೇ ಲೋಟದಲ್ಲಿ ಅಳೆದರೆ ಲೋಟ ದೊಡ್ಡದಿರಲಿ ಚಿಕ್ಕದಿರಲಿ, ಪ್ರಮಾಣ ತಪ್ಪುವುದಿಲ್ಲ. ಮೇಲಾಗಿ ರವೆ ಮೈದಾದಷ್ಟು ಅದುಮಿಕೊಳ್ಳುವುದೂ ಇಲ್ಲ. ಕೇಕಿನಲ್ಲಿ ಹಾಗಲ್ಲ. ಮೊಟ್ಟೆಯನ್ನು ಎಣಿಸಿ ಹಾಕುತ್ತೇವೆ, ಬೆಣ್ಣೆ 100 ಗ್ರಾಂ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಇವೆರಡೂ ನಿಮ್ಮ ಲೋಟಕ್ಕೆ ತಕ್ಕಂತೆ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಅಮೆರಿಕದ 'ಲಾರ್ಜ್' ಮೊಟ್ಟೆ ಸಿಪ್ಪೆ ಬಿಟ್ಟು 50 ಗ್ರಾಂ. ನಮ್ಮ ಅಂಗಡಿ ಮೊಟ್ಟೆ ಎಷ್ಟೋ ಸಲ 42-45ಕ್ಕೇ ನಿಲ್ಲುತ್ತದೆ. ಆದ್ದರಿಂದ ಒಡೆದು, ಕಲಕಿ, ತೂಗಿ: ಎರಡು ಎಂದಿದ್ದರೆ 100 ಗ್ರಾಂ.

ತಕ್ಕಡಿ ಒಂದು ಗ್ರಾಂ ತೋರಿಸುವಂಥದ್ದು ಸಾಕು. ಬಟ್ಟಲಿಟ್ಟು ಸೊನ್ನೆ, ಮೈದಾ, ಮತ್ತೆ ಸೊನ್ನೆ, ಸಕ್ಕರೆ... ತೊಳೆಯುವ ಪಾತ್ರೆಯೂ ಕಡಿಮೆ. ಆದರೆ ಸೋಡಾ, ಬೇಕಿಂಗ್ ಪೌಡರ್, ಈಸ್ಟನ್ನು ಇದರಲ್ಲಿ ತೂಗಬೇಡಿ. ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಅನೇಕ ತಕ್ಕಡಿಗಳು ಅದನ್ನು ತೂಕವೆಂದೇ ಪರಿಗಣಿಸದೆ ಸೊನ್ನೆಯಲ್ಲೇ ಕೂತಿರುತ್ತವೆ. 5 ಗ್ರಾಂನಲ್ಲಿ ಒಂದೆರಡು ಗ್ರಾಂ ಆಚೀಚೆಯಾದರೆ ಸೋಡಾ ವಾಸನೆ ಗ್ಯಾರಂಟಿ. ಅವಕ್ಕೆ 5 ಎಂಎಲ್‌ನ ಅಳತೆ ಚಮಚ, ಅಂಚಿಗೆ ಸಮ ಮಾಡಿ.

ಉಪ್ಪೂ ಚಮಚದ್ದೇ, ಆದರೆ ಒಂದು ಎಚ್ಚರ. ಅಮೆರಿಕದವರು 'ಕೋಷರ್ ಸಾಲ್ಟ್' ಎಂದು ಬರೆದಿದ್ದರೆ ಅದು ದಪ್ಪ ಹರಳು, ಕಂಪನಿ ನೋಡಿಕೊಂಡು ಚಮಚಕ್ಕೆ 3ರಿಂದ 5 ಗ್ರಾಂ. ನಮ್ಮ ಪುಡಿಯುಪ್ಪು 6. ಮೊದಲ ಸಲಕ್ಕೆ ಅವರು ಹೇಳಿದ ಒಂದು ಚಮಚಕ್ಕೆ ನಮ್ಮದು ಅರ್ಧ ಚಮಚ ಹಾಕಿ ನೋಡಿ.